ಒಂದು ಸಂಗತಿಗೆ ಒಂದೇ ಸ್ಥಾನ: ಡೇಟಾಬೇಸಿನ ಮೂಲತತ್ತ್ವ

ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಒಂದು ಚಿಕ್ಕ ಪ್ರಸಂಗ ನಡೆಯಿತು. ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಬರಬೇಕಾಗಿದ್ದ ವಿದ್ಯಾರ್ಥಿವೇತನ ಬರಲಿಲ್ಲ. ಪರೀಕ್ಷೆಯ ಶುಲ್ಕ ಕಟ್ಟುವುದಕ್ಕೆ ಉಳಿದಿದ್ದುದು ನಾಲ್ಕೇ ದಿನ. ಆಕೆಯೊಡನೆ ನಾವೂ ಕಚೇರಿಗೆ ಹೋಗಿ ವಿಚಾರಿಸಿದೆವು. ಪ್ರವೇಶದ ಸಮಯದಲ್ಲಿ ಆಕೆಯ ಹೆಸರಿನ ಇನಿಷಿಯಲ್ ತಪ್ಪಾಗಿ ದಾಖಲಾಗಿದ್ದಿತು. ಆಕೆ ಅರ್ಜಿ ಕೊಟ್ಟು ಅದನ್ನು ತಿದ್ದಿಸಿಕೊಂಡಿದ್ದಳು. ಪ್ರವೇಶದ ದಪ್ಪ ಪುಸ್ತಕದಲ್ಲಿ ಆ ತಿದ್ದುಪಡಿ ಕೆಂಪು ಶಾಯಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದಿತು. ಆದರೆ ವಿದ್ಯಾರ್ಥಿವೇತನದ ಪಟ್ಟಿ ಇದ್ದುದು ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ. ಅಲ್ಲಿ ಹಳೆಯ ಇನಿಷಿಯಲ್ಲೇ ಉಳಿದಿದ್ದಿತು. ಬ್ಯಾಂಕಿನ ಖಾತೆಯ ಹೆಸರಿಗೂ ಪಟ್ಟಿಯ ಹೆಸರಿಗೂ ತಾಳೆಯಾಗದೆ ಹಣ ಹಿಂದಕ್ಕೆ ಹೋಗಿದ್ದಿತು. “ನಾನು ಇರುವವಳು ಒಬ್ಬಳೇ ಅಲ್ಲವೇ ಸಾರ್?” ಎಂದು ಆ ಹುಡುಗಿ ಕೇಳಿದಳು.

ಗುಮಾಸ್ತರು ಸೋಮಾರಿಗಳಾಗಿರಲಿಲ್ಲ, ಕಂಪ್ಯೂಟರ್ ಕೆಟ್ಟಿರಲಿಲ್ಲ. ಎರಡು ದಾಖಲೆಗಳನ್ನೂ ಪ್ರಾಮಾಣಿಕವಾಗಿಯೇ ಬರೆದಿದ್ದರು. ದೋಷವಿದ್ದುದು ಬೇರೆ ಕಡೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಡಲಾಗಿದ್ದಿತು. ಒಂದು ಕಡೆ ತಿದ್ದಿದಾಗ ಇನ್ನೊಂದು ಕಡೆ ಅದು ತಾನಾಗಿ ತಿದ್ದಿಕೊಳ್ಳುವಂತಹ ಏರ್ಪಾಡು ಇರಲಿಲ್ಲ. ಈ ಒಂದು ದೋಷವನ್ನು ನಿವಾರಿಸುವ ಪ್ರಯತ್ನದಿಂದಲೇ ಆಧುನಿಕ ಡೇಟಾಬೇಸಿನ, ಅಂದರೆ ದತ್ತಸಂಚಯದ, ಮುಖ್ಯ ತತ್ತ್ವಗಳು ಬೆಳೆದುಬಂದಿವೆ ಎಂದರೆ ತಪ್ಪಾಗಲಾರದು. ಅವು ಯಾವುವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಂಗ್ರಹವೆಲ್ಲ ಡೇಟಾಬೇಸ್ ಅಲ್ಲ

ಹತ್ತು ಸಾವಿರ ಕಾಗದಗಳನ್ನು ಒಂದು ಗೋಣಿಚೀಲದಲ್ಲಿ ತುಂಬಿಟ್ಟರೆ ಅದು ಸಂಗ್ರಹವಾಗುತ್ತದೆ, ನಿಜ. ಆದರೆ ಅದರಿಂದ ಒಂದು ಪ್ರಶ್ನೆಗೆ ಉತ್ತರ ಪಡೆಯಬೇಕಾದರೆ ಚೀಲವನ್ನೇ ಬುಡಮೇಲು ಮಾಡಬೇಕು. ಪ್ರಶ್ನೆ ಕೇಳಿದರೆ ಉತ್ತರ ದೊರೆಯುವಂತೆ, ಹೊಸ ಸಂಗತಿ ಬಂದರೆ ಅದಕ್ಕೆ ತಕ್ಕ ಸ್ಥಳವಿರುವಂತೆ, ಹಳೆಯದು ಬದಲಾದರೆ ಗೊಂದಲವಿಲ್ಲದೆ ತಿದ್ದಬಹುದಾದಂತೆ ಅಣಿಗೊಳಿಸಿದ ದತ್ತಾಂಶಗಳ ಸಮುದಾಯವೇ ಡೇಟಾಬೇಸ್. ಇಲ್ಲಿ ಮುಖ್ಯವಾದುದು ಯಂತ್ರದ ನೆನಪಿನ ಗಾತ್ರವಲ್ಲ, ಅಣಿಗೊಳಿಸುವ ಕ್ರಮ.

1960ರ ದಶಕದಲ್ಲಿಯೇ ಇಂತಹ ಏರ್ಪಾಡುಗಳು ಅಮೆರಿಕದಲ್ಲಿ ಬಳಕೆಗೆ ಬಂದಿದ್ದುವು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಚಾರ್ಲ್ಸ್ ಬಾಕ್ಮನ್ ಒಂದು ವ್ಯವಸ್ಥೆಯನ್ನು ರಚಿಸಿದರು. ಚಂದ್ರಯಾನದ ಅಪೋಲೋ ಯೋಜನೆಯಲ್ಲಿ ರಾಕೆಟ್ಟಿನ ಅಸಂಖ್ಯ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ ಐ.ಬಿ.ಎಂ. ಸಂಸ್ಥೆಯು ಇತರರೊಡಗೂಡಿ ಐ.ಎಂ.ಎಸ್. ಎಂಬ ಇನ್ನೊಂದನ್ನು ನಿರ್ಮಿಸಿತು. ಇದರಲ್ಲಿ ದತ್ತಾಂಶಗಳು ಮರದ ಕೊಂಬೆಗಳಂತೆ ಕವಲೊಡೆದಿದ್ದುವು: ರಾಕೆಟ್ಟಿನ ಕೆಳಗೆ ಹಂತಗಳು, ಹಂತದ ಕೆಳಗೆ ಎಂಜಿನ್‌ಗಳು, ಎಂಜಿನ್ನಿನ ಕೆಳಗೆ ಬಿಡಿಭಾಗಗಳು. ‘ಈ ಎಂಜಿನ್ನಿನಲ್ಲಿ ಯಾವ ಯಾವ ಭಾಗಗಳಿವೆ?’ ಎಂದು ಕೇಳಿದರೆ ಉತ್ತರ ಸುಲಭವಾಗಿ ದೊರೆಯುತ್ತಿದ್ದಿತು. ‘ಈ ಜಾತಿಯ ಬೋಲ್ಟು ಯಾವ ಯಾವ ಎಂಜಿನ್ನುಗಳಲ್ಲಿದೆ?’ ಎಂದು ತಿರುಗಿಸಿ ಕೇಳಿದರೆ ಮರದ ಕೊಂಬೆಕೊಂಬೆಯನ್ನೂ ಹತ್ತಿಳಿಯಬೇಕಾಗುತ್ತಿದ್ದಿತು. ಅಂದರೆ, ಪ್ರಶ್ನೆ ಕೇಳುವವನಿಗೆ ದತ್ತಾಂಶವನ್ನು ಇಟ್ಟಿರುವ ದಾರಿಯೂ ತಿಳಿದಿರಬೇಕಾಗಿದ್ದಿತು. ದಾರಿ ಬದಲಾದರೆ ಅವನು ಬರೆದಿಟ್ಟ ಕಾರ್ಯಕ್ರಮವೂ ಕೆಡುತ್ತಿದ್ದಿತು.

ಗಣಿತಜ್ಞನ ಉಪಾಯ

ಈ ತೊಡಕಿಗೆ ಪರಿಹಾರ ಬಂದುದು ಗಣಿತದಿಂದ. ಎಡ್ಗರ್ ಕಾಡ್ ಎಂಬ ಇಂಗ್ಲಿಷ್ ಗಣಿತಜ್ಞರು ಆಕ್ಸ್‌ಫರ್ಡಿನಲ್ಲಿ ಓದಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನಚಾಲಕರಾಗಿದ್ದು, ಅನಂತರ ಅಮೆರಿಕಕ್ಕೆ ಹೋಗಿ ಐ.ಬಿ.ಎಂ. ಸಂಸ್ಥೆಯ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದರು. 1970ರ ಜೂನ್ ತಿಂಗಳಿನಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧವು ಈ ಶಾಸ್ತ್ರದ ದಿಕ್ಕನ್ನೇ ಬದಲಿಸಿತು.

ಪಿ.ಯು. ತರಗತಿಯ ಗಣಿತದಲ್ಲಿ ವಿದ್ಯಾರ್ಥಿಗಳು ‘ಸಂಬಂಧ’ ಎಂಬುದರ ವ್ಯಾಖ್ಯೆಯನ್ನು ಓದಿರುತ್ತಾರೆ. ಎರಡು ಗಣಗಳಿಂದ ಒಂದೊಂದು ಅಂಶವನ್ನು ಆಯ್ದು ಜೋಡಿ ಮಾಡಿದರೆ, ಅಂತಹ ಕೆಲವು ಜೋಡಿಗಳ ಗಣವೇ ಒಂದು ಸಂಬಂಧ. ಎರಡರ ಬದಲು ನಾಲ್ಕೈದು ಗಣಗಳನ್ನೂ ತೆಗೆದುಕೊಳ್ಳಬಹುದು. ಇದನ್ನು ಬರೆದು ತೋರಿಸಿದರೆ ಅದೊಂದು ಕೋಷ್ಟಕವಾಗುತ್ತದೆ. ಕೋಷ್ಟಕದ ಒಂದೊಂದು ಕಂಬಸಾಲೂ ಒಂದೊಂದು ಗುಣವನ್ನು ಹೇಳುತ್ತದೆ. ಒಂದೊಂದು ಅಡ್ಡಸಾಲೂ ಒಂದೊಂದು ಸಂಗತಿಯನ್ನು ಹೇಳುತ್ತದೆ.

ನೋಡುವುದಕ್ಕೆ ಇದು ತೀರ ಸಾಮಾನ್ಯವಾದ ಮಾತು. ಆದರೆ ಇದರೊಳಗೆ ಎರಡು ಮಹತ್ತ್ವದ ನಿಯಮಗಳು ಅಡಗಿವೆ. ಗಣದಲ್ಲಿ ಅಂಶಗಳಿಗೆ ಹಿಂದುಮುಂದು ಎಂಬುದಿಲ್ಲ. ಆದುದರಿಂದ ಕೋಷ್ಟಕದಲ್ಲಿ ಯಾವ ಅಡ್ಡಸಾಲು ಮೇಲಿದೆ, ಯಾವುದು ಕೆಳಗಿದೆ ಎಂಬುದಕ್ಕೆ ಅರ್ಥವಿಲ್ಲ. ಗಣದಲ್ಲಿ ಒಂದೇ ಅಂಶ ಎರಡು ಸಲ ಇರುವುದಿಲ್ಲ. ಆದುದರಿಂದ ಒಂದೇ ಅಡ್ಡಸಾಲು ಎರಡು ಸಲ ಬರಕೂಡದು. ಸಂಗತಿಯನ್ನು ‘ಅದು ಎಲ್ಲಿದೆ’ ಎಂಬುದರಿಂದಲ್ಲ, ‘ಅದು ಏನು’ ಎಂಬುದರಿಂದಲೇ ಗುರುತಿಸಬೇಕು. ಪ್ರಶ್ನೆ ಕೇಳುವವನು ದಾರಿಯನ್ನು ಅರಿಯಬೇಕಾದ ಅಗತ್ಯ ಹೀಗೆ ತಪ್ಪಿತು.

ಒಂದು ಉದಾಹರಣೆ

ಇದನ್ನು ಉದಾಹರಣೆಯಿಂದ ವಿಶದಪಡಿಸೋಣ. ಒಂದು ಕಾಲೇಜಿನಲ್ಲಿ ಅಂಕಗಳ ಲೆಕ್ಕವನ್ನು ಕೆಳಗಿನಂತೆ ಒಂದೇ ಕೋಷ್ಟಕದಲ್ಲಿ ಬರೆದಿದ್ದಾರೆಂದು ಭಾವಿಸೋಣ.

ನೋಂದಣಿ ಸಂಖ್ಯೆ – ಹೆಸರು – ಊರು – ವಿಷಯ – ಕೊಠಡಿ – ಅಂಕ
101 – ಲಲಿತಾ – ತಿಪಟೂರು – ಭೌತಶಾಸ್ತ್ರ – 12 – 78
101 – ಲಲಿತಾ – ತಿಪಟೂರು – ಗಣಿತ – 7 – 84
102 – ಬಸವರಾಜ – ಗದಗ – ಭೌತಶಾಸ್ತ್ರ – 12 – 65
103 – ಲಲಿತಾ – ಸಾಗರ – ರಸಾಯನಶಾಸ್ತ್ರ – 9 – 71

ಮೇಲುನೋಟಕ್ಕೆ ಇದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಬಳಸತೊಡಗಿದೊಡನೆಯೇ ಮೂರು ತೊಂದರೆಗಳು ತಲೆದೋರುತ್ತವೆ. ಮೊದಲನೆಯದು, 101ನೆಯ ವಿದ್ಯಾರ್ಥಿನಿಯ ಮನೆಯವರು ತಿಪಟೂರನ್ನು ಬಿಟ್ಟು ಹಾಸನಕ್ಕೆ ಹೋದರೆ ಎರಡು ಸಾಲುಗಳನ್ನು ತಿದ್ದಬೇಕು; ಒಂದನ್ನು ಮರೆತರೆ ಆಕೆ ಎರಡು ಊರುಗಳಲ್ಲಿ ವಾಸಿಸುವವಳಾಗುತ್ತಾಳೆ. ಎರಡನೆಯದು, ಸಸ್ಯಶಾಸ್ತ್ರವನ್ನು 15ನೆಯ ಕೊಠಡಿಯಲ್ಲಿ ಹೊಸದಾಗಿ ಆರಂಭಿಸಬೇಕೆಂದು ನಿಶ್ಚಯಿಸಿದರೂ, ಒಬ್ಬ ವಿದ್ಯಾರ್ಥಿಯಾದರೂ ಸೇರುವವರೆಗೆ ಅದನ್ನು ಬರೆಯುವುದಕ್ಕೆ ಸ್ಥಳವೇ ಇಲ್ಲ. ಮೂರನೆಯದು, 103ನೆಯ ವಿದ್ಯಾರ್ಥಿನಿ ಕಾಲೇಜು ಬಿಟ್ಟಳೆಂದು ಆಕೆಯ ಸಾಲನ್ನು ಅಳಿಸಿದರೆ, ರಸಾಯನಶಾಸ್ತ್ರದ ಪಾಠ 9ನೆಯ ಕೊಠಡಿಯಲ್ಲಿ ನಡೆಯುತ್ತದೆಂಬ ಸಂಗತಿಯೂ ಆಕೆಯೊಡನೆಯೇ ಹೊರಟುಹೋಗುತ್ತದೆ!

ಈ ಮೂರಕ್ಕೂ ಕಾರಣ ಒಂದೇ. ವಿದ್ಯಾರ್ಥಿಯ ಸಂಗತಿ, ವಿಷಯದ ಸಂಗತಿ, ಅಂಕದ ಸಂಗತಿ, ಈ ಮೂರನ್ನೂ ಒಂದೇ ಸಾಲಿನಲ್ಲಿ ಬೆರೆಸಿಬಿಟ್ಟಿದ್ದೇವೆ. ಇವನ್ನು ಬೇರ್ಪಡಿಸಿದರೆ ಮೂರು ಕೋಷ್ಟಕಗಳು ದೊರೆಯುತ್ತವೆ.

ವಿದ್ಯಾರ್ಥಿಗಳು: ನೋಂದಣಿ ಸಂಖ್ಯೆ – ಹೆಸರು – ಊರು
ವಿಷಯಗಳು: ವಿಷಯ – ಕೊಠಡಿ
ಅಂಕಗಳು: ನೋಂದಣಿ ಸಂಖ್ಯೆ – ವಿಷಯ – ಅಂಕ

ಈಗ 101ನೆಯ ವಿದ್ಯಾರ್ಥಿನಿಯ ಊರು ಮೊದಲನೆಯ ಕೋಷ್ಟಕದಲ್ಲಿ ಒಂದೇ ಕಡೆ ಇರುತ್ತದೆ; ಒಮ್ಮೆ ತಿದ್ದಿದರೆ ಸಾಕು. ಸಸ್ಯಶಾಸ್ತ್ರವನ್ನು ವಿದ್ಯಾರ್ಥಿಗಳಿಲ್ಲದೆಯೇ ಎರಡನೆಯ ಕೋಷ್ಟಕಕ್ಕೆ ಸೇರಿಸಬಹುದು. ಯಾರು ಕಾಲೇಜು ಬಿಟ್ಟರೂ 9ನೆಯ ಕೊಠಡಿಗೆ ಭಂಗವಿಲ್ಲ. ಒಂದು ಸಂಗತಿಗೆ ಒಂದೇ ಸ್ಥಾನ ಎಂಬ ನಿಯಮದ ಫಲ ಇದು. ಹೀಗೆ ಕೋಷ್ಟಕಗಳನ್ನು ಶುದ್ಧಪಡಿಸುವ ಕ್ರಮಕ್ಕೂ ಕಾಡ್ ಅವರೇ ನಿಯಮಗಳನ್ನು ರೂಪಿಸಿದರು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ನಮ್ಮ ಪಟ್ಟಿಯಲ್ಲಿ ಇಬ್ಬರು ಲಲಿತೆಯರಿದ್ದಾರೆ. ಹೆಸರಿನಿಂದ ಗುರುತಿಸಹೊರಟರೆ ಒಬ್ಬಳ ಅಂಕ ಇನ್ನೊಬ್ಬಳಿಗೆ ಹೋದೀತು. ಆದುದರಿಂದ ಪ್ರತಿಯೊಂದು ಸಾಲನ್ನೂ ಸಂದೇಹಕ್ಕೆಡೆಯಿಲ್ಲದೆ ಗುರುತಿಸಬಲ್ಲ ಒಂದು ಗುಣ ಬೇಕು. ಇದಕ್ಕೆ ‘ಕೀಲಿ’ ಎಂದು ಹೆಸರು. ವಿದ್ಯಾರ್ಥಿಗಳ ಕೋಷ್ಟಕದಲ್ಲಿ ನೋಂದಣಿ ಸಂಖ್ಯೆಯೇ ಕೀಲಿ. ಅಂಕಗಳ ಕೋಷ್ಟಕದಲ್ಲಿ ನೋಂದಣಿ ಸಂಖ್ಯೆ ಮತ್ತು ವಿಷಯ ಇವೆರಡೂ ಸೇರಿ ಕೀಲಿಯಾಗುತ್ತವೆ. ಕೀಲಿಯು ಬದಲಾಗದಂತಹದಾಗಿರಬೇಕು. ಹೆಸರು ಬದಲಾಗಬಹುದು, ಇನಿಷಿಯಲ್ ತಿದ್ದುಪಡಿಯಾಗಬಹುದು, ಊರು ಬಿಡಬಹುದು. ನೋಂದಣಿ ಸಂಖ್ಯೆ ಹಾಗೆಯೇ ಇರುತ್ತದೆ. ಅಂಕಗಳ ಕೋಷ್ಟಕದಲ್ಲಿ ವಿದ್ಯಾರ್ಥಿಯ ಹೆಸರನ್ನೇ ಬರೆಯದೆ ಸಂಖ್ಯೆಯನ್ನು ಮಾತ್ರ ಬರೆಯುವುದು ಈ ಕಾರಣಕ್ಕಾಗಿ. ವಿದ್ಯಾರ್ಥಿಗಳ ಕೋಷ್ಟಕದಲ್ಲಿ ಇಲ್ಲದ ಸಂಖ್ಯೆಯನ್ನು ಅಂಕಗಳ ಕೋಷ್ಟಕದಲ್ಲಿ ಬರೆಯಹೋದರೆ ಯಂತ್ರವು ಅದನ್ನು ನಿರಾಕರಿಸುವಂತೆಯೂ ಏರ್ಪಾಡು ಮಾಡಬಹುದು.

ಹಾಗಾದರೆ ಒಡೆದ ಕೋಷ್ಟಕಗಳಿಂದ ಪೂರ್ಣ ಚಿತ್ರ ದೊರೆಯುವುದು ಹೇಗೆ? ‘ತಿಪಟೂರಿನ ವಿದ್ಯಾರ್ಥಿಗಳು ಭೌತಶಾಸ್ತ್ರದಲ್ಲಿ ಪಡೆದ ಅಂಕಗಳೆಷ್ಟು?’ ಎಂದು ಕೇಳಿದರೆ, ಯಂತ್ರವು ಮೊದಲನೆಯ ಕೋಷ್ಟಕದಲ್ಲಿ ತಿಪಟೂರಿನವರ ಸಂಖ್ಯೆಗಳನ್ನು ಆಯ್ದುಕೊಂಡು, ಅವೇ ಸಂಖ್ಯೆಗಳು ಅಂಕಗಳ ಕೋಷ್ಟಕದಲ್ಲಿ ಭೌತಶಾಸ್ತ್ರದೊಡನೆ ಎಲ್ಲಿ ಬಂದಿವೆಯೆಂದು ಹೊಂದಿಸಿ, 101, ಲಲಿತಾ, 78 ಎಂದು ಉತ್ತರ ಕೊಡುತ್ತದೆ. ಇದಕ್ಕೆ ‘ಜೋಡಣೆ’ ಎನ್ನುತ್ತಾರೆ. ಇಂತಹ ಪ್ರಶ್ನೆಗಳನ್ನು ಕೇಳುವುದಕ್ಕಾಗಿ ಐ.ಬಿ.ಎಂ. ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬವರು 1974ರಲ್ಲಿ ಒಂದು ಭಾಷೆಯನ್ನು ಪ್ರಕಟಿಸಿದರು. ಅದೇ ಇಂದು ಎಸ್.ಕ್ಯೂ.ಎಲ್. ಎಂಬ ಹೆಸರಿನಿಂದ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಇದರಲ್ಲಿ ನಮಗೆ ಏನು ಬೇಕೆಂಬುದನ್ನು ಹೇಳುತ್ತೇವೆಯೇ ಹೊರತು ಹೇಗೆ ಹುಡುಕಬೇಕೆಂಬುದನ್ನು ಹೇಳುವುದಿಲ್ಲ. ಅದು ಯಂತ್ರದ ಹೊಣೆ. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಹುಡುಕುವ ಬಗೆ

ಕೋಷ್ಟಕದಲ್ಲಿ ಹತ್ತು ಲಕ್ಷ ಸಾಲುಗಳಿದ್ದರೆ ಯಂತ್ರವು ಬೇಕಾದ ಒಂದು ಸಾಲನ್ನು ಕ್ಷಣಮಾತ್ರದಲ್ಲಿ ಹುಡುಕುವುದು ಹೇಗೆ? ‘ಯಂತ್ರ ಬಹಳ ವೇಗವಾದುದು’ ಎಂಬ ಉತ್ತರ ಸಾಲದು. ಭೌತಶಾಸ್ತ್ರದ ದೃಷ್ಟಿಯಿಂದ ಇದನ್ನು ಸ್ವಲ್ಪ ಪರೀಕ್ಷಿಸೋಣ.

ದತ್ತಾಂಶವನ್ನು ಬಹುಕಾಲ ಕಾದಿಟ್ಟದ್ದು ಕಾಂತೀಯ ಲೇಪನವುಳ್ಳ ತಿರುಗುವ ತಟ್ಟೆಗಳಲ್ಲಿ. ಇಂದಿಗೂ ಅಪಾರ ಪ್ರಮಾಣದ ದತ್ತಾಂಶ ಅವುಗಳಲ್ಲಿಯೇ ಇದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯು ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಭಾಗವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು ನಾಲ್ಕು ಭಾಗ, ಕಾಯಬೇಕು. ಮುಳ್ಳು ಒಳಗಿನಿಂದ ಹೊರಕ್ಕೆ ಸರಿಯುವ ಕಾಲವನ್ನೂ ಸೇರಿಸಿದರೆ ಒಂದು ಓದಿಗೆ ಸ್ಥೂಲವಾಗಿ ಸೆಕೆಂಡಿನ ನೂರರಲ್ಲೊಂದು ಭಾಗ ಬೇಕೆನ್ನಬಹುದು. ಹತ್ತು ಲಕ್ಷ ಸಾಲುಗಳನ್ನು ಹೀಗೆ ಒಂದೊಂದಾಗಿ ಬೇರೆ ಬೇರೆ ಕಡೆಯಿಂದ ಓದಬೇಕಾದರೆ 10,000 ಸೆಕೆಂಡು, ಅಂದರೆ ಎರಡೂ ಮುಕ್ಕಾಲು ಗಂಟೆಗೂ ಮೀರಿ ಹಿಡಿಯುತ್ತದೆ!

ನಾವು ನಿಘಂಟಿನಲ್ಲಿ ಪದವನ್ನು ಹುಡುಕುವ ಬಗೆಯನ್ನು ನೆನಪಿಗೆ ತಂದುಕೊಳ್ಳಿ. ನಡುವೆ ತೆರೆದು ನೋಡುತ್ತೇವೆ; ಬೇಕಾದ ಪದ ಮುಂದಿದ್ದರೆ ಹಿಂದಿನ ಅರ್ಧವನ್ನು ಬಿಟ್ಟುಬಿಡುತ್ತೇವೆ. ಹೀಗೆ ಪ್ರತಿ ಸಲವೂ ಅರ್ಧವನ್ನು ಬಿಡುತ್ತ ಹೋದರೆ ಹತ್ತು ಲಕ್ಷದಲ್ಲಿ ಒಂದನ್ನು ಹುಡುಕಲು 20 ನೋಟಗಳು ಸಾಕು. ಏಕೆಂದರೆ ಎರಡನ್ನು 20 ಸಲ ಗುಣಿಸಿದರೆ 10,48,576 ಬರುತ್ತದೆ. ಎರಡೂ ಮುಕ್ಕಾಲು ಗಂಟೆಯ ಕೆಲಸ ಸೆಕೆಂಡಿನ ಐದರಲ್ಲೊಂದು ಭಾಗಕ್ಕೆ ಇಳಿಯಿತು. ಯಂತ್ರ ಅದೇ, ಬದಲಾದುದು ಕ್ರಮ ಮಾತ್ರ.

ಇದನ್ನು ಇನ್ನೂ ಉತ್ತಮಪಡಿಸಬಹುದು. ಒಂದು ಓದಿನಲ್ಲಿ ಒಂದೇ ಸಂಖ್ಯೆಯನ್ನು ತರುವ ಬದಲು ಒಂದು ಪುಟವನ್ನೇ ತಂದರಾಯಿತಷ್ಟೆ. ಆ ಪುಟದಲ್ಲಿ, ‘ಇಂತಹ ಸಂಖ್ಯೆಯಿಂದ ಇಂತಹ ಸಂಖ್ಯೆಯವರೆಗಿನವು ಇಂತಹ ಪುಟದಲ್ಲಿವೆ’ ಎಂಬ ಸುಮಾರು 500 ಸೂಚನೆಗಳಿರಲಿ. ಆಗ ಪ್ರತಿ ಓದಿಗೂ ದಾರಿ ಎರಡಾಗಿ ಅಲ್ಲ, 500 ಆಗಿ ಕವಲೊಡೆಯುತ್ತದೆ. ಮೂರು ಓದುಗಳಲ್ಲಿ 500 ಗುಣಿಸು 500 ಗುಣಿಸು 500, ಅಂದರೆ 12 ಕೋಟಿ 50 ಲಕ್ಷ ಸಾಲುಗಳಲ್ಲಿ ಯಾವುದನ್ನಾದರೂ ಮುಟ್ಟಬಹುದು. ಈ ರಚನೆಗೆ ಬಿ-ವೃಕ್ಷ ಎಂದು ಹೆಸರು. ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಎಂಬವರು ಇದನ್ನು ರೂಪಿಸಿದರು. ಅವರ ಪ್ರಬಂಧ 1972ರಲ್ಲಿ ಪ್ರಕಟವಾಯಿತು. ತಿರುಗುವ ತಟ್ಟೆಯಿಲ್ಲದ ಹೊಸ ಸ್ಮೃತಿಸಾಧನಗಳಲ್ಲಿಯೂ ಇದು ಇಂದಿಗೂ ಬಳಕೆಯಲ್ಲಿದೆ.

ಇಂತಹ ಹುಡುಕುವ ಪಟ್ಟಿಗೆ ‘ಸೂಚಿ’ ಎನ್ನುತ್ತಾರೆ. ಗ್ರಂಥಾಲಯದಲ್ಲಿ ಪುಸ್ತಕ ಇರುವುದು ಒಂದೇ ಬೀರುವಿನಲ್ಲಿ. ಆದರೆ ಕಾರ್ಡುಗಳ ಪೆಟ್ಟಿಗೆಯಲ್ಲಿ ಕರ್ತೃವಿನ ಹೆಸರಿನಲ್ಲೊಂದು, ಪುಸ್ತಕದ ಹೆಸರಿನಲ್ಲೊಂದು, ವಿಷಯದ ಹೆಸರಿನಲ್ಲೊಂದು ಕಾರ್ಡು ಇರಬಹುದು. ಸಂಗತಿಗೆ ಸ್ಥಾನ ಒಂದೇ. ಅದನ್ನು ತಲುಪುವ ದಾರಿಗಳು ಹಲವು. ಆದರೆ ಸೂಚಿಗಳು ಪುಕ್ಕಟೆಯಾಗಿ ದೊರೆಯುವುದಿಲ್ಲ. ಹೊಸ ಪುಸ್ತಕ ಬಂದಾಗಲೆಲ್ಲ ಎಲ್ಲ ಕಾರ್ಡುಗಳನ್ನೂ ಬರೆಯಬೇಕಾದಂತೆ, ಹೊಸ ಸಾಲು ಬಂದಾಗಲೆಲ್ಲ ಎಲ್ಲ ಸೂಚಿಗಳನ್ನೂ ಯಂತ್ರ ತಿದ್ದಬೇಕು. ಆದುದರಿಂದ ಎಷ್ಟು ಬೇಕೋ ಅಷ್ಟೇ ಸೂಚಿಗಳನ್ನು ಇಡುವುದು ಜಾಣತನ.

ಕಿರ್ದಿ ಮತ್ತು ಖಾತೆ

ಒಬ್ಬನೇ ಬರೆದು ಒಬ್ಬನೇ ಓದುವ ಪುಸ್ತಕವಾದರೆ ಇಷ್ಟು ಸಾಕಾಗುತ್ತಿದ್ದಿತು. ಆದರೆ ಡೇಟಾಬೇಸನ್ನು ಏಕಕಾಲದಲ್ಲಿ ಸಾವಿರಾರು ಜನ ಬಳಸುತ್ತಾರೆ. ಹುಬ್ಬಳ್ಳಿಯ ರೈಲಿನಲ್ಲಿ ಒಂದೇ ಒಂದು ಬರ್ತ್ ಉಳಿದಿದೆಯೆಂದು ಭಾವಿಸಿ. ಬೆಂಗಳೂರಿನಲ್ಲಿ ಒಬ್ಬರು, ತುಮಕೂರಿನಲ್ಲಿ ಇನ್ನೊಬ್ಬರು ಅದೇ ಕ್ಷಣದಲ್ಲಿ ಅದನ್ನು ಕೇಳುತ್ತಾರೆ. ಇಬ್ಬರಿಗೂ ‘ಖಾಲಿಯಿದೆ’ ಎಂದೇ ಕಾಣುತ್ತದೆ. ಇಬ್ಬರಿಗೂ ಟಿಕೆಟು ಕೊಟ್ಟರೆ ರಾತ್ರಿ ಒಂದೇ ಬರ್ತ್‌ಗೆ ಇಬ್ಬರು ಬರುತ್ತಾರೆ! ಇದನ್ನು ತಪ್ಪಿಸಲು, ಮೊದಲು ಬಂದ ಬೇಡಿಕೆಯು ಆ ಸಾಲಿಗೆ ತಾತ್ಕಾಲಿಕವಾಗಿ ಬೀಗ ಹಾಕುತ್ತದೆ. ಅದರ ಕೆಲಸ ಮುಗಿದ ಮೇಲೆಯೇ ಎರಡನೆಯವರಿಗೆ ಬಾಗಿಲು ತೆರೆಯುತ್ತದೆ; ಆಗ ಅವರಿಗೆ ‘ಭರ್ತಿಯಾಗಿದೆ’ ಎಂಬ ನಿಜವಾದ ಉತ್ತರ ದೊರೆಯುತ್ತದೆ.

ಇನ್ನೊಂದು ಅಪಾಯವೂ ಉಂಟು. ಒಂದು ಖಾತೆಯಿಂದ ಐದು ಸಾವಿರ ರೂಪಾಯಿಗಳನ್ನು ಕಳೆದು ಇನ್ನೊಂದಕ್ಕೆ ಕೂಡಿಸಬೇಕಾಗಿದೆ. ಕಳೆದದ್ದಾಯಿತು, ಕೂಡಿಸುವ ಮೊದಲೇ ವಿದ್ಯುತ್ತು ನಿಂತಿತು. ಹಣ ಎಲ್ಲಿ ಹೋಯಿತು? ಇಂತಹ ಕಳೆ-ಕೂಡುಗಳನ್ನು ಒಡೆಯಲಾಗದ ಒಂದೇ ವ್ಯವಹಾರವೆಂದು ಎಣಿಸಬೇಕು; ಆದರೆ ಪೂರ್ಣವಾಗಿ ಆಗಬೇಕು, ಇಲ್ಲವಾದರೆ ಏನೂ ಆಗಿರಬಾರದು. ಜಿಮ್ ಗ್ರೇ ಎಂಬ ಅಮೆರಿಕದ ವಿಜ್ಞಾನಿ ಈ ವಿಷಯವನ್ನು ಆಳವಾಗಿ ಅಭ್ಯಾಸಮಾಡಿ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದರು. ಇದರ ಉಪಾಯವನ್ನು ನಮ್ಮ ಅಂಗಡಿಯ ಶೆಟ್ಟರು ಕೇಳಿದರೆ ಹೊಸದೆನ್ನಲಾರರು. ಅವರು ವ್ಯಾಪಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಅನಂತರ ಖಾತೆಯ ಪುಸ್ತಕಕ್ಕೆ ಏರಿಸುತ್ತಾರೆ. ಡೇಟಾಬೇಸ್ ಕೂಡ ಮಾಡಬೇಕಾದ ಬದಲಾವಣೆಯನ್ನು ಮೊದಲು ತನ್ನ ಕಿರ್ದಿಯಲ್ಲಿ ಬರೆದುಕೊಳ್ಳುತ್ತದೆ. ವಿದ್ಯುತ್ತು ಮರಳಿ ಬಂದಾಗ ಕಿರ್ದಿಯನ್ನು ಓದಿ, ಮುಗಿದ ವ್ಯವಹಾರಗಳನ್ನು ಖಾತೆಗೆ ಏರಿಸಿ, ಅರ್ಧಕ್ಕೆ ನಿಂತವನ್ನು ರದ್ದುಮಾಡುತ್ತದೆ.

ಯಂತ್ರ ಮಾಡಲಾರದ ಕೆಲಸ

ಈ ತತ್ತ್ವಗಳು ನಮ್ಮ ರಾಜ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ರೈತರ ಬಾಳನ್ನು ಮುಟ್ಟಿದುದು ‘ಭೂಮಿ’ ಯೋಜನೆಯಿಂದ. ಹಿಂದೆ ಗ್ರಾಮಲೆಕ್ಕಿಗರು ಕೈಯಿಂದ ಬರೆದಿಡುತ್ತಿದ್ದ ಪಹಣಿಗಳನ್ನು 2000ದ ಸುಮಾರಿಗೆ ಕಂಪ್ಯೂಟರಿಗೆ ಏರಿಸಲಾಯಿತು. ಅವುಗಳ ಸಂಖ್ಯೆ ಸುಮಾರು ಎರಡು ಕೋಟಿ. ಇಲ್ಲಿಯ ಕೀಲಿಯನ್ನು ಗಮನಿಸಿ. ಸರ್ವೆ ನಂಬರು 42 ಎಂದರೆ ಸಾಲದು; ಅದು ಊರೂರಿನಲ್ಲಿಯೂ ಇರುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಇವೆಲ್ಲ ಸೇರಿದಾಗಲೇ ಒಂದು ತುಂಡು ನೆಲವನ್ನು ಸಂದೇಹವಿಲ್ಲದೆ ಗುರುತಿಸಲು ಸಾಧ್ಯ. ಕಂಪ್ಯೂಟರು ಬರುವ ಎಷ್ಟೋ ಮೊದಲೇ ಕಂದಾಯ ಇಲಾಖೆಯವರು ಕೀಲಿಯ ತತ್ತ್ವವನ್ನು ಬಳಸುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಇಲ್ಲಿಯೇ ಡೇಟಾಬೇಸಿನ ಮಿತಿಯೂ ಕಾಣುತ್ತದೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದರೂ ಪೌತಿ ಖಾತೆ ಮಾಡಿಸದಿದ್ದರೆ ಪಹಣಿಯಲ್ಲಿ ಅಜ್ಜನ ಹೆಸರೇ ಇರುತ್ತದೆ. ಯಂತ್ರವು ಆ ಹೆಸರನ್ನು ಅಚ್ಚುಕಟ್ಟಾಗಿ, ಕ್ಷಣಾರ್ಧದಲ್ಲಿ ಮುದ್ರಿಸಿಕೊಡುತ್ತದೆ; ಅದು ನಿಜವೇ ಎಂಬುದು ಅದಕ್ಕೆ ತಿಳಿಯದು. ಎರಡು ದಾಖಲೆಗಳು ಪರಸ್ಪರ ವಿರೋಧಿಸದಂತೆ ನೋಡಿಕೊಳ್ಳುವುದು ಯಂತ್ರಕ್ಕೆ ಸಾಧ್ಯ. ದಾಖಲೆಯು ಲೋಕವನ್ನು ವಿರೋಧಿಸದಂತೆ ನೋಡಿಕೊಳ್ಳುವುದು ಮನುಷ್ಯನ ಕೆಲಸ.

ಎಲ್ಲ ಕಡೆಯೂ ಒಂದೇ ಪ್ರತಿ ಇರಬೇಕೆಂದು ಇದರ ಅರ್ಥವೇ ಎಂಬ ಶಂಕೆ ವಾಚಕರಿಗೆ ಉಂಟಾಗಬಹುದು. ಹಾಗಲ್ಲ. ಬೆಂಕಿ ಬಿದ್ದರೆ, ತಟ್ಟೆ ಕೆಟ್ಟರೆ ದತ್ತಾಂಶ ನಾಶವಾಗಬಾರದೆಂದು ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇಡುತ್ತಾರೆ. ಅತಿ ದೊಡ್ಡ ವ್ಯವಸ್ಥೆಗಳಲ್ಲಿ ವೇಗಕ್ಕಾಗಿಯೂ ಹೀಗೆ ಮಾಡುವುದುಂಟು. ಆದರೆ ಆ ಪ್ರತಿಗಳನ್ನು ಒಂದಕ್ಕೊಂದು ಸರಿಹೊಂದಿಸುವ ಹೊಣೆ ಯಂತ್ರದ್ದು. ಯಾರೂ ಹೊಣೆಯಿಲ್ಲದ ಎರಡನೆಯ ಪ್ರತಿಯೇ ಅಪಾಯಕರ.

ನಮ್ಮ ವಿದ್ಯಾರ್ಥಿನಿಯ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಆಕೆಯ ತಂದೆ ಸಾಲ ತಂದು ಶುಲ್ಕ ಕಟ್ಟಿದರು. ವಿದ್ಯಾರ್ಥಿವೇತನ ಬಹಳ ತಡವಾಗಿ, ಮೂರು ತಿಂಗಳ ಮೇಲೆ ಬಂದಿತು. ಒಂದು ಅಕ್ಷರಕ್ಕೆ ಆ ಮನೆಯವರು ತೆತ್ತ ಬಡ್ಡಿ ಎಷ್ಟೆಂದು ನಾವು ಕೇಳಲಿಲ್ಲ.

ಮುಂದೆ ನಿಮ್ಮಲ್ಲಿ ಕೆಲವರು ಇಂತಹ ಕೋಷ್ಟಕಗಳನ್ನು ರಚಿಸುವವರಾಗಬಹುದು. ಅದಕ್ಕೆ ಈಗಲೇ ಅಭ್ಯಾಸ ಮಾಡಬಯಸುವವರು ಒಂದು ಕಾಗದವನ್ನು ತೆಗೆದುಕೊಂಡು, ತಮ್ಮ ಹಾಸ್ಟೆಲಿನ ಊಟದ ಲೆಕ್ಕವನ್ನೋ ಕ್ರಿಕೆಟ್ ತಂಡದ ಓಟಗಳ ಲೆಕ್ಕವನ್ನೋ ಕೋಷ್ಟಕಗಳಾಗಿ ಬರೆದು ನೋಡಲಿ. ಪ್ರತಿಯೊಂದು ಕೋಷ್ಟಕಕ್ಕೂ ಎರಡು ಪ್ರಶ್ನೆಗಳನ್ನು ಹಾಕಿದರೆ ಸಾಕು: ಇದರ ಕೀಲಿ ಯಾವುದು? ಇಲ್ಲಿರುವ ಯಾವುದಾದರೂ ಸಂಗತಿಯನ್ನು ಬೇರೆ ಕಡೆಯೂ ಬರೆದಿದ್ದೇವೆಯೇ?